ಗೌಸಕಾಕಾನ ಕಲ್ಲಿನ ತಲೆ

ಬೀಸುಕಲ್ಲಿಗೆ ಹೊಸದಾಗಿ ಹಲ್ಲು ಕಟೆಯುವಾಗ ಒಂದು ವಾಸನೆ ಏಳುತ್ತದೆ. ಉಳಿ ಬಿದ್ದಲ್ಲಿ ಕಿಡಿ ಹಾರಿ, ಕಲ್ಲೇ ಸುಟ್ಟಂತೆ, ದೀಪಾವಳಿಯ ಮರುದಿನ ಬೀದಿಯಲ್ಲಿ ಉಳಿದ ಮದ್ದಿನಂತೆ. ನನ್ನ ಅಪ್ಪ ಯಮನಪ್ಪ ಹೆಬ್ಬಳ್ಳಿಯಿಂದ ಸುತ್ತಲಿನ ಊರುಗಳಿಗೆ ನಡೆದು ಹೋಗಿ ಮನೆಮನೆಯ ಬೀಸುಕಲ್ಲು ಕಟೆದು ಕೊಡುತ್ತಿದ್ದ. ಸಂಜೆ ಬಂದು ನನ್ನನ್ನು ಎತ್ತಿಕೊಂಡರೆ ಅವನ ಅಂಗಿಯ ತೋಳಿನಿಂದ ಆ ವಾಸನೆ ಬರುತ್ತಿತ್ತು. ಊರೂರಿಗೆ ಗಿರಣಿ ಬಂದ ಮೇಲೆ ಆ ಕೆಲಸ ಹೋಯಿತು. ನಾನು ಓದಿ, ಕಾಲೇಜಿನಲ್ಲಿ ಭೂಗೋಳ ಕಲಿಸಿ, ನಿವೃತ್ತಳೂ ಆದೆ. ಆದರೂ ಕಲ್ಲು ಕಂಡಲ್ಲಿ ನನ್ನ ಮೂಗು ಮೊದಲು ಎಚ್ಚರವಾಗುತ್ತದೆ.

ಅದಕ್ಕೇ ಇರಬೇಕು, ಮೊಮ್ಮಗಳು ಸ್ನೇಹಲ್ ತನ್ನ ಕಂಪ್ಯೂಟರಿನಲ್ಲಿ ದೊಡ್ಡದೊಂದು ಕಲ್ಲಿನ ತಲೆಯನ್ನು ಮೊದಲ ಸಲ ತೋರಿಸಿದಾಗ ನಾನು ಪರದೆಯ ತೀರ ಹತ್ತಿರ ಮುಖ ಒಯ್ದೆ.

“ಆಯಿ, ಮೂಸಾಕತ್ತಿ ಏನ?” ಎಂದು ಅವಳು ನಕ್ಕಳು.

“ಕಲ್ಲು ಖರೇನ ಕಲ್ಲಿನಂಗ ಕಾಣತೈತಿ. ವಾಸನಿ ಒಂದಿಲ್ಲ ನೋಡು” ಎಂದೆ.

ಗೋಪನಕೊಪ್ಪದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಸ್ನೇಹಲ್ ಮತ್ತು ಅವಳ ಜೊತೆಗೆ ಓದಿದ ಪ್ರತಾಪ ಸೇರಿ ಒಂದು ವಿಡಿಯೋ ಆಟ ಕಟ್ಟುತ್ತಿದ್ದರು. ಸ್ನೇಹಲ್ ಚಿತ್ರ ಬಿಡಿಸುವವಳು, ಪ್ರತಾಪ ಅದನ್ನು ಓಡಿಸುವವನು. ಆಟ ಇಷ್ಟೇ: ಒಬ್ಬ ಹುಡುಗಿ ಬಂಡೆಯಿಂದ ಬಂಡೆಗೆ ಹಾರುತ್ತಾ ಬೆಟ್ಟದ ತುದಿಯಲ್ಲಿರುವ ಕೆರೆಯನ್ನು ಮುಟ್ಟಬೇಕು. ದಾರಿಯುದ್ದಕ್ಕೂ ಆಳೆತ್ತರಕ್ಕಿಂತ ದೊಡ್ಡ ಕಲ್ಲಿನ ತಲೆಗಳು. ಕೆಲವು ಹಿಂದೆ ದೂರದಲ್ಲಿ ಮಣ್ಣಿನಲ್ಲಿ ಅರ್ಧ ಹೂತು ಸುಮ್ಮನೆ ಕೂತಿರುತ್ತವೆ. ಕೆಲವು ಮೇಲೆ ನೇತಾಡುತ್ತಿದ್ದು, ಹುಡುಗಿ ಕೆಳಗೆ ಬಂದದ್ದೇ ತಡ, ಧಡಲ್ಲನೆ ಬೀಳುತ್ತವೆ. ಬಿದ್ದ ತಲೆ ಆಮೇಲೆ ನಿಧಾನವಾಗಿ ಮೇಲೇರುತ್ತದೆ. ಆಗ ಹುಡುಗಿ ಅದರ ನೆತ್ತಿಯ ಮೇಲೆ ಹಾರಿ ನಿಂತರೆ ಅದೇ ಅವಳನ್ನು ಮೇಲಕ್ಕೆ ಒಯ್ಯುತ್ತದೆ.

“ಈ ತಲಿಗೋಳು ಯಾರವು?” ಎಂದು ಕೇಳಿದೆ.

“ಯಾರವೂ ಅಲ್ಲ ಆಯಿ. ಹಾರೂ ಆಟ ಅಂದಮ್ಯಾಲೆ ಕಲ್ಲಿನ ತಲಿ ಇರಬೇಕು. ನಾ ಸಣ್ಣಾಕಿದ್ದಾಗಿಂದ ಆಡಿದ ಎಷ್ಟ ಆಟದಾಗ ಅದಾವು!”

ನಾನು ಸುಮ್ಮನಿರಬಹುದಿತ್ತು. ಆದರೆ ಪಾಠ ಮಾಡಿದ ಬಾಯಿ. ಶಾಂತಸಾಗರದ ನಡುವಿನ ಪುಟ್ಟ ದ್ವೀಪದಲ್ಲಿ ಅಂಥ ತಲೆಗಳಿವೆ, ಅಲ್ಲಿಯ ಜನ ತಮ್ಮ ಹಿರಿಯರೆಂದು ಅವನ್ನು ಕೆತ್ತಿ ನಿಲ್ಲಿಸಿದ್ದು, ಅವು ಯಾರದೋ ಮುತ್ತಜ್ಜಂದಿರು ಎಂದು ಹೇಳಿದೆ. ಸ್ನೇಹಲ್ ಕೆನ್ನೆಗೆ ಕೈ ಹಚ್ಚಿ ಕೇಳಿದಳು. ಮರುದಿನ ಚಹಾ ಕುಡಿಯುವಾಗ, “ನೀ ಅಂದಿದ್ದು ಖರೇ. ಮಂದಿ ಹಿರ್ಯಾರನ್ನ ನಾ ಯಾಕ ತರಲಿ? ನಮ್ಮವರದ ಹಾಕತೇನಿ” ಎಂದಳು.

ನಮ್ಮವರೆಂದರೆ ಅವಳಿಗೆ ಮೊದಲು ಹೊಳೆದದ್ದು ಪಕ್ಕದ ಮನೆಯ ಗೌಸಸಾಬ. ಹೊಳೆದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಅಗಲ ಹಣೆ, ಗುಡ್ಡದ ಅಂಚಿನಂಥ ಹುಬ್ಬು, ದಪ್ಪ ಮೂಗು. ಜೀವನವೆಲ್ಲ ಲಾರಿಗಳ ಕೆಳಗೆ ಮಲಗಿ ರಿಪೇರಿ ಮಾಡಿದ ಮನುಷ್ಯ. ಕೆಲಸ ಬಿಟ್ಟ ಮೇಲೆ ಓಣಿಯ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಹುಡುಗರ ಚೆಂಡು ಬಂದು ತಾಗಿದರೆ ಎರಡೂ ಹುಬ್ಬು ಕೂಡಿಸಿ ನೋಡುತ್ತಿದ್ದರು. ಹುಡುಗರು ಓಡಿಹೋಗಬೇಕೆನ್ನುವಷ್ಟರಲ್ಲಿ ನಗುತ್ತಿದ್ದರು. ನನ್ನ ಮಗ ಅಂಬರೀಷನಿಗೂ ಅವರು ಕಾಕಾ, ಅವನ ಮಗಳು ಸ್ನೇಹಲ್‌ಗೂ ಕಾಕಾ, ಓಣಿಗೆಲ್ಲ ಕಾಕಾ.

ಒಂದು ಸಂಜೆ ನಮ್ಮ ಅಂಗಳದಲ್ಲಿ ಅವರನ್ನು ಸ್ಟೂಲಿನ ಮೇಲೆ ಕೂಡಿಸಿ ಸ್ನೇಹಲ್ ಮೊಬೈಲ್ ಹಿಡಿದು ಸುತ್ತಲೂ ತಿರುಗಿದಳು. ಮುಂದೆ, ಹಿಂದೆ, ಗದ್ದದ ಕೆಳಗೆ, ಕಿವಿಯ ಹಿಂದೆ.

“ನನ್ನ ಲಗ್ನದಾಗೂ ಇಷ್ಟ ಫೋಟೋ ಹೊಡದಿದ್ದಿಲ್ಲ. ಏನ್ ಮಾಡ್ತಿ ಇವನ್ನೆಲ್ಲಾ?” ಎಂದರು ಕಾಕಾ.

“ನನ್ನ ಆಟಕ್ಕ ಕಾಕಾ. ಮಾರಿ ಸಿಟ್ಟ ಮಾಡ್ರಿ.”

“ನಿನ್ನ ಚಾಚೀನ ಕರಿ. ತಾನ ಬರತೈತಿ ಸಿಟ್ಟು.”

ಅವರ ಹೆಂಡತಿ ಅಖ್ತರಬೇಗಂ ತಮ್ಮ ಮನೆಯ ಕಿಟಕಿಯಿಂದಲೇ, “ಹಿಂದಿನ ಬೋಳೂ ತಗೀವಾ. ಬಿಸಲ ಬಿದ್ದಾಗ ನಮ್ಮ ಓಣಿಗೆಲ್ಲಾ ಅದಽ ಲೈಟು” ಎಂದು ಕೂಗಿದಳು. ಕಾಕಾ ಹುಬ್ಬು ಗಂಟಿಕ್ಕಿದರು. ಸ್ನೇಹಲ್‌ಗೆ ಬೇಕಾಗಿದ್ದ ಮುಖ ಅದೇ.

ಆ ಮುಖ ಕಲ್ಲಾಗಿ ಪರದೆಯ ಮೇಲೆ ಬಂದಾಗ ನಾವೆಲ್ಲ ಬಿದ್ದುಬಿದ್ದು ನಕ್ಕೆವು. ಮಳೆ ಬಿಸಿಲಿಗೆ ಸವೆದಂತೆ, ಕಿವಿಯ ಸಂದಿಯಲ್ಲಿ ಹುಲ್ಲು ಹುಟ್ಟಿದಂತೆ, ಆದರೂ ನೂರಕ್ಕೆ ನೂರು ಗೌಸಕಾಕಾ. ಕಾಕಾನಿಗೆ ತೋರಿಸಿದೆಯಾ, ಕೇಳಿದೆಯಾ ಎಂದು ನಮ್ಮಲ್ಲಿ ಯಾರೂ ಅನ್ನಲಿಲ್ಲ. ನಮ್ಮ ಓಣಿಯಲ್ಲಿ ಕೇಳುವುದೆಂದರೆ ದೂರದವರ ಲಕ್ಷಣ. ಅಖ್ತರ ನಮ್ಮ ಹಿತ್ತಲಿನ ಕರಿಬೇವು ಹರಿಯುವಾಗ ಕೇಳಿದ್ದರೆ ನನಗೇ ಬೇಜಾರಾಗುತ್ತಿತ್ತು. ಆಟ ಪೂರ್ತಿ ಮುಗಿದ ದಿನ ಕಾಕಾನನ್ನು ಕರೆದು ಕೂಡಿಸಿ ಒಮ್ಮೆಲೇ ತೋರಿಸಬೇಕೆಂಬುದು ಸ್ನೇಹಲ್‌ಳ ಆಸೆ.

ಆ ದಿನ ಬರುವ ಮೊದಲು ಕಾಕಾನಿಗೆ ಲಕ್ವಾ ಹೊಡೆಯಿತು.

ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೆಯೇ ಗೋಡೆಗೆ ಒರಗಿ ಕುಸಿದಿದ್ದರು. ಅಂಬರೀಷ ಆಫೀಸಿಗೆಂದು ತೊಟ್ಟ ಇಸ್ತ್ರಿ ಅಂಗಿಯಲ್ಲೇ ಅವರನ್ನು ಎತ್ತಿಕೊಂಡು ಆಟೋದಲ್ಲಿ ಕೂಡಿಸಿದ. ಗುರುತಿಲ್ಲದ ಆ ಆಟೋದವನು ತನ್ನ ಕೊರಳಿನ ಟವೆಲ್ಲು ಬಿಚ್ಚಿ ಮಡಿಚಿ, ಕಾಕಾನ ತಲೆ ಕಂಬಿಗೆ ಬಡಿಯದಂತೆ ನಡುವೆ ಇಟ್ಟದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಜೀವ ಉಳಿಯಿತು. ಮನೆಗೂ ಬಂದರು. ಬಲಗೈ, ಬಲಗಾಲು, ಬಲಗಡೆಯ ಮುಖ ಮಾತ್ರ ಅವರ ಮಾತು ಕೇಳಲಿಲ್ಲ. ನಾಲಿಗೆಯೂ ಅಷ್ಟೆ. ಓಣಿಯ ಬಾಯಿಯ ಕುರ್ಚಿ ಖಾಲಿಯಾಯಿತು. ನೋಡಲು ಹೋದವರಿಗೆ ಅಖ್ತರ ಬಾಗಿಲಲ್ಲೇ ಚಹಾ ಕೊಟ್ಟು ಕಳಿಸುತ್ತಿದ್ದಳು.

ಇತ್ತ ಆಟದ ಕೆಲಸ ಓಡುತ್ತಿತ್ತು. ಪುಣೆಯ ಒಂದು ಕಂಪನಿ ಆಟವನ್ನು ತಾನು ಹೊರತರುತ್ತೇನೆಂದು ಮುಂದೆ ಬಂದಿತ್ತು. ಅವರಿಗೆ ಬಹಳ ಹಿಡಿಸಿದ್ದು ಆ ತಲೆ. ಅದೇ ನಿಮ್ಮ ಆಟದ ಗುರುತು, ಜಾಹೀರಾತಿನಲ್ಲೆಲ್ಲ ಅದೇ ಇರಲಿ ಎಂದರಂತೆ. ಸ್ನೇಹಲ್ ಪ್ರತಾಪ ಇಬ್ಬರೂ ಸೇರಿ ಸಣ್ಣದೊಂದು ವಿಡಿಯೋ ಮಾಡಿ ಬಿಟ್ಟರು. ತಲೆ ಬೀಳುವುದು, ಹುಬ್ಬು ಕುಣಿಸುವುದು, ಹುಡುಗಿ ನೆತ್ತಿಯ ಮೇಲೆ ಹಾರುವುದು. ಕಾಕಾ ಆಸ್ಪತ್ರೆಯಿಂದ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಆ ಎರಡನ್ನೂ ಕೂಡಿಸಿ ನೋಡಲು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಅಖ್ತರಳ ತಂಗಿಯ ಮಗ ಬಿಲಾಲ ಹಳೇ ಹುಬ್ಬಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಅವನ ಅಂಗಡಿಗೆ ಬಂದ ಗಿರಾಕಿಯೊಬ್ಬನ ಮೊಬೈಲಿನಲ್ಲಿ ಆ ವಿಡಿಯೋ ಓಡುತ್ತಿತ್ತಂತೆ. ಅವನು ತನ್ನದರಲ್ಲೂ ತರಿಸಿಕೊಂಡು ದೊಡ್ಡಮ್ಮನಿಗೆ ತೋರಿಸಿದ. ಆ ಮಧ್ಯಾಹ್ನವೇ ಅಖ್ತರ ನಮ್ಮ ಮನೆಗೆ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಬಿಗಿ ಮಾಡಿಕೊಂಡು, ನಡುಮನೆಯಲ್ಲಿ ನಿಂತಳು.

“ಅಕ್ಕೋರ, ಸ್ನೇಹಲ್‌ನ ಕರೀರಿ.”

ನನ್ನನ್ನು ಓಣಿಯವರೆಲ್ಲ ಅಕ್ಕೋರ ಎಂದೇ ಕರೆಯುವುದು. ಆದರೆ ಆ ದಿನ ಆ ಮಾತಿನಲ್ಲಿ ಬಿಸಿಯಿತ್ತು. “ಬಾರವಾ, ಕುಂದರು ಮೊದಲ” ಎಂದು ನಾನೂ ಎದ್ದು ನಿಂತೆ.

“ಕುಂದರಾಕ ಬಂದಿಲ್ರಿ.”

ಸ್ನೇಹಲ್ ಮೆಟ್ಟಿಲಿಳಿದು ಬಂದಳು. ಹಿಂದೆ ಪ್ರತಾಪ. ಅಖ್ತರ ಮೊಬೈಲನ್ನು ಅವಳ ಮುಖದೆದುರು ಹಿಡಿದಳು. ಧಡಲ್ಲೆಂದು ಕಲ್ಲು ಬೀಳುವ ಸದ್ದು, ಆಮೇಲೆ ಕುಣಿಯುವ ಸಂಗೀತ.

“ಇದು ಯಾರು?”

“ಕಾಕಾ, ಚಾಚಿ. ನಾ ತೋರಸಬೇಕಂತಿದ್ದೆ, ಪೂರ್ತಿ ಆದಮ್ಯಾಲೆ...”

“ಯಾರ್ಯಾರಿಗೆ ತೋರಸಿದಿ? ಹಳೇ ಹುಬ್ಬಳ್ಳಿಯಾಗ ಗುರ್ತಿಲ್ಲದ ಹುಡುಗ ನೋಡಿ ನಗಾಕತ್ತಿದ್ದನಂತ. ನಾ ಕಡೀಕಿ ಏನ?” ಅವಳ ಕಣ್ಣು ನನ್ನ ಕಡೆ ಹೊರಳಿತು. ಮೇಜಿಗೆ ಕೈಯೂರಿ ನಿಂತಿದ್ದ ನನ್ನನ್ನು ನೋಡಿ ಸ್ಟೂಲನ್ನು ನನ್ನತ್ತ ಸರಿಸಿ, “ನೀವು ಕುಂದರ್ರಿ. ಮೊಣಕಾಲ ಮೊದಲ ಛಲೋ ಇಲ್ಲ ನಿಮಗ” ಎಂದಳು. ಎಂದು, ಮತ್ತೆ ಸ್ನೇಹಲ್‌ಳತ್ತ ತಿರುಗಿ ಬಯ್ಗುಳ ಬಿಟ್ಟಲ್ಲಿಂದಲೇ ಹಿಡಿದಳು. “ತಲಿ ಮ್ಯಾಲೆ ಕಾಲಿಡಸಿಯಲ್ಲ! ಹಾರಸಿ, ಕುಣಿಸಿ! ನಮ್ಮ ಮನ್ಯಾಗ ಆ ಮನಶಾ ಹಾಸಗಿ ಮ್ಯಾಲೆ ಅರ್ಧಾ ಕಲ್ಲಾಗಿ ಮಲಗ್ಯಾನ. ಇಲ್ಲಿ ನೀ ಪೂರ್ತಿ ಕಲ್ಲ ಮಾಡಿ ಇಟ್ಟಿ.”

“ಚಾಚಿ, ಅದನ್ನ ನಾ ಮೊದಲ ಮಾಡಿದ್ದು. ಲಕ್ವಾ ಆಮ್ಯಾಲೆ...”

“ನನಗೂ ಗೊತ್ತೈತಿ. ನಿನ್ನ ಆಟದಿಂದ ಆತು ಅನ್ನೂವಷ್ಟ ಹುಚ್ಚಿ ಅಲ್ಲ ನಾ. ಬಿಪಿ ಗುಳಿಗಿ ತಗೋಳ್ರಿ ಅಂದ್ರ ತಗೋತಿದ್ದಿಲ್ಲ ಅಂವ. ಆದ್ರ ನೀ ಒಂದ ಮಾತ ಕೇಳಿದ್ರ ಏನಾಕ್ಕಿತ್ತು?”

ಸ್ನೇಹಲ್ ಅಂದಳು, “ನಮ್ಮ ಕಾಕಾ ಅಲ್ಲೇನ ಚಾಚಿ. ಕೇಳೂದೇನಂತ...”

“ಹೌದವಾ. ನಮ್ಮವರಂತ ಕೇಳಲಿಲ್ಲ. ನಮ್ಮವರಂತ ತುಳದಿ.”

ಅಷ್ಟೇ ಹೇಳಿ ಹೋದಳು. ಪ್ರತಾಪ ಮೊದಲು ಬಾಯಿಬಿಟ್ಟ. “ಸಿಟ್ಟ ಇಳೀತೈತಿ ಬಿಡ, ಎರಡ ದಿನ.”

ಸಿಟ್ಟು ಇಳಿಯಲಿಲ್ಲ. ಅಖ್ತರ ಬಾಗಿಲು ತೆರೆಯುವಾಗ ನಾನು ಅಂಗಳದಲ್ಲಿದ್ದರೆ ಒಳಗೇ ಉಳಿದು ನಾನು ಹೋಗುವವರೆಗೆ ಕಾಯುತ್ತಿದ್ದಳು. ಕರಿಬೇವನ್ನು ಸಂತೆಯಿಂದ ಕೊಂಡು ತಂದದ್ದನ್ನು ನಾನೇ ನೋಡಿದೆ. ಆ ಕಟ್ಟು ಕೈಚೀಲದ ಮೇಲೆ ಎದ್ದು ಕಾಣುತ್ತಿತ್ತು. ನನಗೆ ಅವಳು ಬಾಯಿ ತುಂಬ ಬಯ್ದದ್ದಕ್ಕಿಂತ ಅದು ಹೆಚ್ಚು ನೋಯಿಸಿತು.

ಅಂಬರೀಷ ವಿಷಯ ತಿಳಿದ ದಿನವೇ, “ಇವತ್ತ ತಗದ ಒಗಿ ಆ ಮುಖಾ. ಮನಿ ಮುಂದ ಆಟ ದೊಡ್ಡದಲ್ಲ” ಎಂದಿದ್ದ. ಹೇಳುವುದು ಸುಲಭ. ಪುಣೆಯವರು ಮುಂದಿನ ವಾರ ಕರಾರಿಗೆ ಸಹಿ ಮಾಡುವವರಿದ್ದರು. ಆ ಮುಖವಿಲ್ಲದಿದ್ದರೆ ತಾವು ಮತ್ತೆ ಯೋಚಿಸಬೇಕಾಗುತ್ತದೆ ಎಂದು ಅವರು ಸ್ನೇಹಲ್ ಕೇಳಿದ ತಕ್ಷಣ ಸ್ಪಷ್ಟವಾಗಿಯೇ ಹೇಳಿದ್ದರು. ಮೇಲಿನ ಕೋಣೆಯಲ್ಲಿ ಇಬ್ಬರೂ ವಾದ ಮಾಡುವುದು ಅಡುಗೆಮನೆಗೆ ಕೇಳುತ್ತಿತ್ತು.

“ಮೂಗ ಸಣ್ಣದ ಮಾಡು, ಹುಬ್ಬ ತಗಿ. ಯಾರಿಗೂ ಗುರ್ತ ಸಿಗೂದಿಲ್ಲ” ಎನ್ನುತ್ತಿದ್ದ ಪ್ರತಾಪ.

“ಹುಬ್ಬ ತಗದ್ರ ಏನ ಉಳೀತೈತಿ ಅದರಾಗ? ಸಾದಾ ಕಲ್ಲ.”

“ಹಂಗಾರ ಬಿಡು. ನಾ ಎರಡ ವರ್ಷ ನಮ್ಮಪ್ಪನ ಕಡೆ ಬೈಸ್ಕೊಂಡ ಇದನ್ನ ಮಾಡೇನಿ ಸ್ನೇಹಲ್. ನಿನಗೊಬ್ಬಾಕಿಗೆ ಅಲ್ಲ ಇದು.”

ಅವನು ಹೇಳಿದ್ದರಲ್ಲಿಯೂ ಸುಳ್ಳಿರಲಿಲ್ಲ. ಒಂದು ಬೇಸಿಗೆಯಲ್ಲಿ ಅವನು ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಬಂದು ಒಂದೇ ಕೈಯಲ್ಲಿ ಕೀಲಿಮಣೆ ಒತ್ತಿದ್ದನ್ನು ನಾನು ನೋಡಿದ್ದೇನೆ.

ನನಗೆ ತಡೆಯಲಾಗಲಿಲ್ಲ. ಚಹಾ ತೆಗೆದುಕೊಂಡು ಮೇಲೆ ಹೋದೆ. ಪರದೆಯ ಮೇಲೆ ಕಾಕಾನ ತಲೆ ಅರ್ಧ ಬಿದ್ದಲ್ಲಿಯೇ ನಿಂತಿತ್ತು. ಸ್ನೇಹಲ್‌ಳ ಕಣ್ಣು ಕೆಂಪಗಿತ್ತು.

“ನನ್ನ ಮುಖಾ ಹಾಕ್ರವಾ” ಎಂದೆ. “ಮುದುಕಿ ಮುಖಾ, ಸುಕ್ಕು ಬೇಕಾದಷ್ಟ ಅದಾವು. ಕಲ್ಲಿಗೆ ಛಲೋ ಒಪ್ಪತೈತಿ. ಕೇಳಿಲ್ಲ ಅಂತ ನಾ ಜಗಳಕ್ಕೂ ಬರೂದಿಲ್ಲ.”

ಪ್ರತಾಪ ನಕ್ಕ. “ಆಯಿ, ನೀವು ಬೀಳೂ ಮುಂದ ಮೊಣಕಾಲ ಹಿಡಕೊಂಡ ಬೀಳಬೇಕಾಕ್ಕೈತಿ.”

ಸ್ನೇಹಲ್ ನಗಲಿಲ್ಲ. ಯೋಚನೆ ಕೂಡ ಮಾಡದೆ, “ಏ ಬ್ಯಾಡ ಬ್ಯಾಡ. ನಿನ್ನ ತಲಿ ಮ್ಯಾಲೆ ಮಂದಿ ಕಾಲಿಡಸಾಕ ನನಗ ಆಗೂದಿಲ್ಲ ಆಯಿ” ಎಂದಳು.

ಅಂದವಳು ಹಾಗೇ ನಿಂತಳು. ಕೈಯಲ್ಲಿದ್ದ ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟಳು.

“ಕಾಕಾನ ತಲಿ ಮ್ಯಾಲೆ ಇಡಿಸಿದ್ನಲ್ಲ” ಎಂದಳು. “ನಮ್ಮವರು ನಮ್ಮವರಂತ ಬಾಯಿ ಮಾಡಿದೆ. ನಿನ್ನ ಮುಖಾ ಅಂದ ಕೂಡ್ಲೇ ಬ್ಯಾಡ ಅಂದೆ. ಕಾಕಾಂದು ತಗೊಳ್ಳೂ ಮುಂದ ಒಂದ ಸಲಾನೂ ಬ್ಯಾಡ ಅನಸಲಿಲ್ಲ ನನಗ.”

ಪ್ರತಾಪ ಕಿಟಕಿಯಾಚೆ ನೋಡತೊಡಗಿದ. ಆ ಕಿಟಕಿಯಿಂದ ಕಾಣುವುದು ಕಾಕಾನ ಮನೆಯ ಹೆಂಚು.

ಮರುದಿನ ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ತೆಗೆದುಕೊಂಡು, “ಕಾಕಾನ್ನ ಕೇಳತೇನಿ. ಅವರ ಮುಖಾ, ಅವರನ್ನ ಕೇಳಬೇಕು. ನೀನೂ ಬಾ ಆಯಿ” ಎಂದಳು. ಒಳಗೊಳಗೇ ಅವಳಿಗೊಂದು ಆಸೆಯಿದ್ದದ್ದು ನನಗೆ ಗೊತ್ತಿತ್ತು. ಕಾಕಾ ನಗುತ್ತಾರೆ, ಹೂಂ ಅನ್ನುತ್ತಾರೆ, ಕಾಕಾ ಹೂಂ ಅಂದರೆ ಚಾಚಿಯೂ ತಣ್ಣಗಾಗುತ್ತಾಳೆ ಎಂದು. ನನಗೂ ಅದೇ ಆಸೆಯಿತ್ತು.

ಅಖ್ತರ ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದಳು. ಲ್ಯಾಪ್‌ಟಾಪ್ ನೋಡಿದಳು. “ಕಾಕಾಗ ಕೇಳಾಕ ಬಂದೇನಿ ಚಾಚಿ. ಮೊದಲ ಕೇಳಬೇಕಿತ್ತು” ಎಂದಳು ಸ್ನೇಹಲ್. ಅಖ್ತರ ಹಾದಿ ಬಿಟ್ಟಳು.

ಕಾಕಾ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಅಂದೇ ಗಡ್ಡ ಬೋಳಿಸಿದ್ದ ಹಾಗಿತ್ತು. ಬಲಗಡೆಯ ಕೆನ್ನೆ, ಬಾಯಿಯ ಮೂಲೆ, ಕಣ್ಣಿನ ಕೆಳಗಿನ ಚರ್ಮ ಎಲ್ಲ ಜಾರಿದ್ದವು. ಎಡಗಣ್ಣು ಮಾತ್ರ ಹಳೆಯದೇ. ಅದು ಸ್ನೇಹಲ್‌ಳನ್ನು ಕಂಡು ಸ್ವಲ್ಪ ಬೆಳಗಿತು.

ಅವಳು ನೆಲದ ಮೇಲೆ ಮಂಚಕ್ಕೆ ಹತ್ತಿಕೊಂಡು ಕುಳಿತಳು. “ಕಾಕಾ, ನಿಮ್ಮನ್ನ ಕೇಳದ ಒಂದ ಕೆಲಸಾ ಮಾಡೇನಿ. ತೋರಸತೇನಿ. ನೋಡಿ ಹೇಳ್ರಿ. ಬ್ಯಾಡ ಅಂದ್ರ ಇವತ್ತ ತಗೀತೇನಿ.”

ಆಟ ಶುರುವಾಯಿತು. ಹುಡುಗಿ ಹಾರುತ್ತ ಬಂದಳು. ಮೇಲೆ ತಲೆ ಕಂಡಿತು. ಕಾಕಾನ ಎಡಹುಬ್ಬು ಮೇಲೇರಿತು. ಗುರುತು ಸಿಕ್ಕಿತ್ತು. ತಲೆ ಧಡಲ್ಲೆಂದು ಬಿದ್ದಾಗ ಅವರ ಗಂಟಲಿನಿಂದ ಒಂದು ಸದ್ದು ಬಂತು, ನಗುವೇ ಅದು, ಅರ್ಧ ಬಾಯಲ್ಲಿ ಸಿಕ್ಕಿಕೊಂಡ ನಗು. ಹುಡುಗಿ ನೆತ್ತಿಯ ಮೇಲೆ ಹಾರಿದಳು. ಅಖ್ತರ ಮುಖ ತಿರುವಿದಳು. ಕಾಕಾನಿಗೆ ಅದಕ್ಕೂ ಬೇಜಾರಾಗಲಿಲ್ಲ. ತಲೆ ಹುಡುಗಿಯನ್ನು ಹೊತ್ತು ಮೇಲೇರುವುದನ್ನು ಎಡಗಣ್ಣು ಜೊತೆಜೊತೆಗೆ ಹಿಂಬಾಲಿಸಿತು. ಸ್ನೇಹಲ್ ನನ್ನ ಕಡೆ ನೋಡಿದಳು. ಆಯಿತು ಎಂದುಕೊಂಡೆ ನಾನು.

ಮೇಲೆ, ಬೆಟ್ಟದ ತಿರುವಿನಲ್ಲಿ, ಆಟ ಒಂದು ಗಳಿಗೆ ನಿಲ್ಲುತ್ತದೆ. ಅಲ್ಲಿ ತಲೆ ಪರದೆಯ ತುಂಬ ಬಂದು ಎದುರಿಗೆ ನೋಡುತ್ತದೆ. ಎರಡು ಹುಬ್ಬು, ಎರಡು ಕೆನ್ನೆ, ಬಿಗಿದ ಬಾಯಿ, ಎರಡೂ ಮಗ್ಗುಲು ಸರಿಸಮ. ಸ್ನೇಹಲ್ ಪ್ರೀತಿಯಿಂದ ಒಂದೊಂದು ಗೆರೆ ತೀಡಿದ ಮುಖ.

ಕಾಕಾನ ಎಡಗೈ ಎದ್ದಿತು. ಪರದೆಯನ್ನು ಮುಟ್ಟುವುದೆಂದುಕೊಂಡೆ. ಅದು ಹೋದದ್ದು ತಮ್ಮ ಬಲಗೆನ್ನೆಗೆ. ಜಾರಿದ ಆ ಮಾಂಸವನ್ನು ಬೆರಳಿನಿಂದ ಮೇಲಕ್ಕೆ ಎತ್ತಿ ಹಿಡಿದರು. ಪರದೆ ನೋಡಿದರು. ಕೈಬಿಟ್ಟರು. ಕೆನ್ನೆ ಮತ್ತೆ ಜಾರಿತು. ಆಮೇಲೆ ಅದೇ ಕೈಯಿಂದ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು.

“ಬ್ಯಾ...” ಎಂದರು. ನಾಲಿಗೆ ಹೊರಳಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದರು. “ಬ್ಯಾಡ.”

ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಹಗುರಾಗುತ್ತಿತ್ತು.

“ಆತ ಕಾಕಾ” ಎಂದಳು ಸ್ನೇಹಲ್. ಅವಳ ದನಿ ಅವಳಿಗೇ ಕೇಳಿಸಿರಲಾರದು.

ಬಾಗಿಲ ತನಕ ಬಂದ ಅಖ್ತರ ನನ್ನ ಕಿವಿಯ ಹತ್ತಿರ, “ಕನ್ನಡಿ ತಗದ ಇಟ್ಟೇನ್ರಿ. ಮುಖಾ ನೋಡಕೊಳ್ಳೂದ ಬ್ಯಾಡ ಅಂತಾರ. ಮರಿಯಾಕತ್ತಿದ್ರು ಈಗ ಸ್ವಲ್ಪ” ಎಂದಳು. ಅದು ದೂರುವ ದನಿಯಾಗಿರಲಿಲ್ಲ. ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಬಾಗಿಲ ಚಿಲಕ ಹಿಡಿದಿದ್ದಳು.

ಸ್ನೇಹಲ್ ಅಂದೇ ಕೆಲಸ ಶುರು ಮಾಡಿದಳು. ಬೀಳುವ ತಲೆಗಳನ್ನು ತೆಗೆದಳು. ತಿರುವಿನ ದೊಡ್ಡ ಮುಖವನ್ನು ತೆಗೆದಳು. ಆಮೇಲೆ ಹಿಂದಿನ ಗುಡ್ಡಗಳ ಮೇಲೆ ಉಗುರಿನಷ್ಟು ಕಾಣುವವನ್ನೂ ಒಂದೊಂದಾಗಿ ಹುಡುಕಿ ತೆಗೆಯತೊಡಗಿದಳು.

“ಅವು ಯಾರಿಗೂ ಕಾಣೂದಿಲ್ಲ. ಬಿಡ ಮಾರಾಯ್ತಿ” ಎಂದ ಪ್ರತಾಪ.

“ಕಾಣದಿದ್ರ ಏನಾತು, ಅದಾವಲ್ಲ.”

ಪ್ರತಾಪ ಎದ್ದು ಹೋಗುತ್ತಾನೇನೋ ಅನ್ನಿಸಿತು ನನಗೆ. ಹೋಗಲಿಲ್ಲ. ತನ್ನ ಚೀಲದಿಂದ ತನ್ನ ಕಂಪ್ಯೂಟರ್ ತೆಗೆದ. ಅದರಲ್ಲೂ ಹಳೆಯ ಪ್ರತಿಗಳಿದ್ದವಂತೆ. ಅವನ್ನು ತಾನಾಗಿಯೇ ಅಳಿಸುತ್ತ ಕುಳಿತ. ಎದುರುಬದುರಾಗಿ ಕುಳಿತು, ಎರಡು ವರ್ಷದ ಕೆಲಸದೊಳಗಿನ ಆ ಮುಖವನ್ನು ಇಬ್ಬರೂ ಅಳಿಸಿದರು. ನಾನು ಮೆಟ್ಟಿಲಿಳಿದು ಬಂದೆ.

ತಲೆಗಳಿದ್ದಲ್ಲಿ ಈಗ ಬರೀ ಚೌಕ ಬಂಡೆಗಳು. ಆಟ ಆಡಿಸಿಕೊಳ್ಳುತ್ತದೆ, ಆದರೆ ನೋಡಿದವರು ನಿಲ್ಲುವುದಿಲ್ಲ. ಪುಣೆಯವರು ಬಹಳ ಸಭ್ಯವಾಗಿಯೇ, ಸದ್ಯಕ್ಕೆ ಬೇಡ, ಹೊಸದೇನಾದರೂ ಮಾಡಿದಾಗ ತೋರಿಸಿ ಎಂದರು. ವಿಡಿಯೋವನ್ನು ಇವರು ತೆಗೆದುಹಾಕಿದರೂ ಯಾರ್ಯಾರೋ ಇಟ್ಟುಕೊಂಡ ಪ್ರತಿಗಳು ತಿರುಗುತ್ತಲೇ ಇದ್ದವು. ಬಿಲಾಲ ತನ್ನ ಅಂಗಡಿಗೆ ಬಂದವರ ಮೊಬೈಲಿನಲ್ಲಿ ಕಂಡರೆ, “ನಮ್ಮ ಖಾಲೂ ಅವರು, ದೊಡ್ಡಪ್ಪ, ತಗೀರಿ” ಎಂದು ಕೇಳಿ ಅಳಿಸುತ್ತಾನಂತೆ. ಕೆಲವರು ಅಳಿಸುತ್ತಾರೆ. ಕೆಲವರು ನಗುತ್ತಾರೆ. ಅದನ್ನು ಯಾರೂ ಪೂರ್ತಿ ಹಿಂದಕ್ಕೆ ತರಲಾರರು. ಇದು ಸ್ನೇಹಲ್‌ಗೆ ಗೊತ್ತು. ಅವಳು ಊಟಕ್ಕೆ ಕೂತಲ್ಲಿ ರೊಟ್ಟಿ ಮುರಿಯುತ್ತ ಮುರಿಯುತ್ತ ಕೈ ನಿಲ್ಲಿಸಿಬಿಡುತ್ತಾಳೆ.

“ಹೋಗಿ ಹೇಳಿ ಬರತೇನಿ” ಎಂದಳು ಒಂದು ದಿನ. “ತಗದೇನಿ ಅಂತ ಕಾಕಾಗ ಗೊತ್ತಿರಬೇಕಲ್ಲ. ಎಲ್ಲಾ ಕಡೆ ತಗಿಯಾಕ ಆಗಿಲ್ಲ ಅನ್ನೂದೂ ಗೊತ್ತಿರಬೇಕು.” ಎರಡನೆಯದನ್ನು ಹೇಳದೆ ಬಿಡು ಎನ್ನಬೇಕೆನಿಸಿತು ನನಗೆ. ಅನ್ನಲಿಲ್ಲ. ಜೊತೆಗೆ ಹೋದೆ.

ನಾವು ಹೋದದ್ದು ಹೊತ್ತಲ್ಲದ ಹೊತ್ತು. ಕಾಕಾನ ಊಟದ ವೇಳೆ, ಬಾಗಿಲು ತೆರೆದೇ ಇತ್ತು. ಅಖ್ತರ ಮಂಚದ ಅಂಚಿನಲ್ಲಿ ಕುಳಿತು ಮೆತ್ತಗೆ ಹಿಚುಕಿದ ಖಿಚಡಿಯ ತಟ್ಟೆ ಹಿಡಿದಿದ್ದಳು. ಕಾಕಾನ ಕೊರಳಿಗೆ ಮಕ್ಕಳಿಗೆ ಕಟ್ಟುವಂತೆ ಬಟ್ಟೆ ಕಟ್ಟಿತ್ತು. ಬಾಯಿಯ ಬಲಮೂಲೆಯಿಂದ ಒಂದೆರಡು ಅಗುಳು ಜಾರಿ ಅದರ ಮೇಲೆ ಬಿದ್ದಿದ್ದವು. ನಮ್ಮನ್ನು ಕಂಡದ್ದೇ ಕಾಕಾ ಗೋಡೆಯ ಕಡೆ ಹೊರಳಿದರು. ಬಿಲಾಲ ಬಂದರೂ ಆ ಹೊತ್ತಿನಲ್ಲಿ ಅಖ್ತರ ಅವನನ್ನು ಹೊರಗೇ ಕೂಡಿಸುತ್ತಾಳೆಂದು ಆಮೇಲೆ ನನಗೆ ತಿಳಿಯಿತು. ಸ್ನೇಹಲ್ ಆ ಹೊರಳುವಿಕೆಯಲ್ಲೇ ಎಲ್ಲ ಅರ್ಥ ಮಾಡಿಕೊಂಡಳು. ಹೊಸ್ತಿಲಲ್ಲಿಯೇ ನಿಂತು, ಒಳಗೆ ನೋಡದೆ, ನೆಲಕ್ಕೆ ಕಣ್ಣು ನೆಟ್ಟು ಹೇಳಿದಳು:

“ಕಾಕಾ, ಆಟದಾಗಿಂದ ಎಲ್ಲಾ ತಗದೇನ್ರಿ. ಒಂದೂ ಬಿಟ್ಟಿಲ್ಲ. ಮಂದಿ ಮೊಬೈಲಿನಾಗ ಉಳದಾವು. ಅವು ನನ್ನ ಕೈಯಾಗಿಲ್ಲ. ಅಷ್ಟ ಹೇಳಾಕ ಬಂದಿದ್ದೆ. ಉಣ್ರಿ ನೀವು, ನಾ ಬರತೇನಿ.”

ಹಿಂತಿರುಗಿದಳು. ನಾನೂ ತಿರುಗಿದೆ.

“ಏ” ಎಂದರು ಕಾಕಾ.

ಓಣಿಯ ಹುಡುಗರನ್ನು ಕರೆಯುತ್ತಿದ್ದ ಏ ಅಲ್ಲ, ಅದರ ಒಂದು ತುಣುಕು. ನೋಡಿದರೆ ಅವರು ಗೋಡೆಯಿಂದ ಈಚೆ ಹೊರಳಿದ್ದರು. ಮುಖವನ್ನು ಕೈಯಿಂದ ಮುಚ್ಚಿಕೊಂಡಿರಲಿಲ್ಲ. ಗದ್ದದ ಮೇಲಿನ ಅಗುಳು ಹಾಗೇ ಇತ್ತು. ಎಡಗೈಯಿಂದ ಮಂಚದ ಅಂಚನ್ನು, ಅಖ್ತರ ಕೂತ ಜಾಗವನ್ನು, ಎರಡು ಸಲ ತಟ್ಟಿದರು.

ಅಖ್ತರ ಗಂಡನ ಮುಖ ನೋಡಿದಳು, ಒಮ್ಮೆ ಸ್ನೇಹಲ್‌ಳ ಮುಖ ನೋಡಿದಳು. ಎದ್ದಳು. ಚಮಚದಿಂದ ಖಿಚಡಿಯನ್ನು ಇನ್ನೊಂದು ಸಲ ತಿರುವಿ, ಬಿಸಿ ನೋಡಿ, ಹೊಸ್ತಿಲ ತನಕ ಬಂದು, ತಟ್ಟೆಯನ್ನು ಸ್ನೇಹಲ್‌ಳ ಕೈಗಿಟ್ಟಳು.